ಏರಿಯ ಹೊರಮೈ

ಸೊಂಟಮಟ್ಟದ ನೀರಿನಲ್ಲಿ ನಿಂತು ಅಬು ಘಾಲಿಬ್ ಹೊಂಡದ ತೂಬಿಗೆ ಮರಳುಚೀಲ ತುರುಕುತ್ತಿದ್ದುದನ್ನು ಕಂಡು, ಇಂಜಿನಿಯರ್ ರಿಹಾಬಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಅಮ್ಮಾನ್ ನಗರದ ಆ ಗುಡ್ಡದ ಮಳೆನೀರೆಲ್ಲ ಬಂದು ನಿಲ್ಲುವ ಹೊಂಡ ಅದು. ಅವಳು ತೂಬು ಬಿಡಿಸಿ ಹೋಗುವುದು, ಯಾರೋ ಮತ್ತೆ ಮುಚ್ಚುವುದು, ಚಳಿಗಾಲವಿಡೀ ಇದೇ ಆಗಿತ್ತು.

"ತೆಗೀರಿ ಅದನ್ನ. ಮತ್ತೆ ಮಳೆ ಬರ್ತಿದೆ."

"ತೆಗೆದ್ರೆ ನೀರು ಸೀದಾ ನಮ್ಮನೆಗೇ ನುಗ್ಗತ್ತೆ, ಇಂಜಿನಿಯರಮ್ಮ. ಹಾಸಿಗೆ ಹಿಡಿದಿರೋ ಅಮ್ಮನ್ನ ನಿಮ್ಮ ಆಫೀಸಲ್ಲಿ ಮಲಗಿಸ್ಲಾ?"

"ಕೆಳಗಿನ ಚರಂಡಿ ಅಗಲ ಮಾಡಿ ಅಂತ ನಾನೂ ಬಡ್ಕೊಂಡೆ. ನನ್ನ ಮಾತು ಯಾರು ಕೇಳ್ತಾರೆ?"

"ಮತ್ತೆ ನಾನ್ಯಾಕೆ ಕೇಳ್ಲಿ?"

ಅವಳು ಹೊಂಡದ ಮಣ್ಣಿನ ಏರಿಯ ಮೇಲಿಂದ ಬಗ್ಗಿದಳು. ಅವನ ಅಂಗಿತೋಳು ಹಿಡಿದು ಮೇಲಕ್ಕೆಳೆದು, ಏರಿಯ ಹೊರಬದಿಗೆ ಕರೆದೊಯ್ದಳು. "ಇಲ್ಲಿ ಕೈಯಿಡಿ" ಎಂದಳು. ಅವನು ಅಂಗೈ ಒತ್ತಿದ. ಕಲ್ಲಿನಂತಿರಬೇಕಾದ ಮಣ್ಣು ಕಲಸಿದ ಹಿಟ್ಟಿನಂತೆ ಕುಸಿಯಿತು. ಬೆರಳಸಂದಿಯಿಂದ ಕೆಸರುನೀರು ಒಸರಿ ಮೊಣಕೈವರೆಗೆ ಇಳಿಯಿತು. ಅವನು ತಿರುಗಿ ನೋಡಿದ. ನೇರ ಕೆಳಗೆ ಅವನದೇ ಮನೆಯ ತಾರಸಿ. ಇಷ್ಟು ದಿನ ತಡೆದಿಟ್ಟ ನೀರೆಲ್ಲ, ಒಡೆಯಲಿರುವ ಈ ಏರಿಯ ಹಿಂದೆ, ಅದರ ನೆತ್ತಿಯ ಮೇಲೇ ನಿಂತಿತ್ತು.

"ಉಮ್ಮು ಘಾಲಿಬ್!" ಗಂಟಲು ಹರಿಯುವಂತೆ ಹೆಂಡತಿಯನ್ನು ಕೂಗಿದ. "ಅಮ್ಮನ್ನ ಪಕ್ಕದ್ಮನೆ ಮಹಡಿಗೆ ಸಾಗಿಸು! ನೀರು ಬಿಡ್ತಿದೀನಿ!"

ಕೂಗುತ್ತಲೇ ಏರಿ ಹತ್ತಿ ಹೊಂಡಕ್ಕೆ ಧುಮುಕಿ, ತಾನೇ ತುರುಕಿದ್ದ ಚೀಲಗಳನ್ನು ಎಳೆಯತೊಡಗಿದ. ರಿಹಾಬ್ ಅವನ ಮನೆಯತ್ತ ಓಡಿದಳು; ಮುದುಕಿಯನ್ನು ಎತ್ತಲು ಒಬ್ಬಳ ಕೈ ಸಾಲುವುದಿಲ್ಲ.