ಪಕ್ಕದ ಸೈಟು

ಮನೆಯ ಮುಂದಿನ ಕೋಣೆಯೇ ವಕೀಲರ ಆಫೀಸು. ಎದುರು ಕೂತ ನರ್ಸಮ್ಮ ಸೈಟಿನ ಕಾಗದಗಳನ್ನು ಮೇಜಿನ ಮೇಲಿಟ್ಟು, "ಆ ಲೇಔಟಲ್ಲಿ ಸೈಟು ತಗೋಬೇಡಿ ಅಂದ್ರು ಸರ್, ಚೆಲುವಯ್ಯ ಲಾಯರ್ರು" ಎಂದರು.

ಹೆಸರು ಕೇಳಿದ್ದೇ ವಕೀಲರ ಹೊಟ್ಟೆ ಉರಿಯಿತು. ಮನೆ, ಸೈಟು ಅಂದರೆ ಊರಿಗೆ ಊರೇ ಆ ಚೆಲುವಯ್ಯನ ಬಾಗಿಲಿಗೆ ಹೋಗುತ್ತಿತ್ತು.

"ಅವನಿಗೇನಮ್ಮ ಗೊತ್ತು? ಅವರಪ್ಪ ಸರ್ವೆಯವರ ಹಿಂದೆ ಅಳತೆ ಚೈನು ಎಳೀತಿದ್ದ. ಇವನು ಸಂಜೆ ಕಾಲೇಜಲ್ಲಿ ಓದಿ ಕರಿ ಕೋಟು ಹಾಕ್ಕೊಂಡ. ಈಗ್ಲೂ ಪ್ಯಾಂಟು ಮಡಚ್ಕೊಂಡು ಗಡಿಕಲ್ಲು ಹುಡುಕ್ತಾ ಹೊಲ ಸುತ್ತುತ್ತಾನೆ. ಅದೂ ಒಂದು ವಕೀಲಿಕೆನಾ?"

"ಹಾಗಾದ್ರೆ ತಗೋಬಹುದಾ ಸರ್? ನನ್ನ ಪಿ.ಎಫ್. ದುಡ್ಡೆಲ್ಲ ಇದಕ್ಕೇ ಹಾಕ್ತಿದ್ದೀನಿ."

"ಕಣ್ಮುಚ್ಕೊಂಡು ತಗೊಳ್ಳಿ. ನಾನಿದ್ದೀನಲ್ಲ."

ನರ್ಸಮ್ಮ ಕೈಮುಗಿದು ಹೊರಟರು. ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಷ್ಟೊಂದು ಒಳ್ಳೇ ಜಾಗ ಅಂದ್ರೆ, ಅದರ ಪಕ್ಕದ ಸೈಟು ನಾವೇ ತಗೊಂಡ್ಬಿಡೋಣ ಕಣ್ರೀ."

ವಕೀಲರು ಅವಳು ಕೊಟ್ಟ ಕಾಫಿ ಲೋಟ ಕೆಳಗಿಟ್ಟರು.

"ತಲೆ ಕೆಟ್ಟಿದ್ಯಾ ನಿಂಗೆ? ಚೆಲುವಯ್ಯ ಬೇಡ ಅಂದಿದ್ದಾನೆ, ಕೇಳಿಸ್ಲಿಲ್ವಾ?"