ಸೀದ ಅಂಚು

ಭಾಷಣಗಳು ಮುಗಿದಿದ್ದವು, ತಟ್ಟೆಗಳು ಮಾತ್ರ ತುಂಬಿಯೇ ಇದ್ದವು. ವಿದೇಶಿ ನೆರವಿನ ಶಾಂತಿ ಯೋಜನೆ ನಡೆಸುತ್ತಿದ್ದ ನೊರ್ಮಿನಾ ಎರಡು ಮನೆತನಗಳ ನಡುವೆ ಕುಳಿತಿದ್ದಳು. ಸಂಧಾನದ ಊಟದಲ್ಲಿ ಒಂದು ಮನೆತನದ ತಿನಿಸನ್ನು ಇನ್ನೊಂದು ಮನೆತನ ತಿಂದರಷ್ಟೇ ಹಗೆ ಮುಗಿದಂತೆ.

ಒಂದು ಮನೆತನದ ಹಿರಿಯ ಸಮಾಮಾ ಬಾಳೆಲೆ ಬಿಚ್ಚಿ, ಅಕ್ಕಿಹಿಟ್ಟಿನ ಸಿಹಿ ಟಿನಗ್ತಗನ್ನು ಎದುರು ಮನೆತನದ ಮುದುಕ ಗಿಮಾಲುದಿನ್‌ನ ಮುಂದಿಟ್ಟ. "ನಮ್ಮ ಸೊಸೆ ಕರಿದದ್ದು."

ಆ ಸೊಸೆ ಗಿಮಾಲುದಿನ್‌ನ ಮಗಳು. ಬಂದೂಕುಗಳು ಹೊರಬಿದ್ದಂದಿನಿಂದ ಅವನು ಅವಳ ಹೆಸರೆತ್ತಿರಲಿಲ್ಲ. ಈಗ ತಿನಿಸಿಗೂ ಕೈ ಚಾಚಲಿಲ್ಲ.

"ವಿಷ ಹಾಕಿಲ್ಲ ಬೀಗರೇ. ಬೇಕಾದ್ರೆ ನಾನೇ ಮೊದ್ಲು ತಿಂತೀನಿ," ಎಂದು ಸಮಾಮಾ ಕೈ ಹಾಕಿದ.

ಮುದುಕ ತಟ್ಟನೆ ಎಲೆಯನ್ನು ಎದೆಗೆಳೆದುಕೊಂಡ. ತಿನಿಸಿನ ಕಪ್ಪಾಗಿದ್ದ ಅಂಚನ್ನು ಬೆರಳಿನಿಂದ ಸವರಿದ.

"ಮುಟ್ಬೇಡಿ," ಎಂದ. "ನನಗಿಷ್ಟ ಅಂತ ಸೀದದ್ದನ್ನ ಅವಳು ಯಾವಾಗ್ಲೂ ನನಗೇ ಎತ್ತಿಡ್ತಿದ್ಳು."