ವಿಧವೆಯ ಕೈ

ಶವಪೆಟ್ಟಿಗೆಯಲ್ಲಿದ್ದವನಿಗೆ ಕೆಮ್ಮು ಬಂದು ಎರಡನೆಯ ಸಲವೂ ಚಿತ್ರೀಕರಣ ನಿಂತಿತು. ಹೆಣ ಎದ್ದು ಕೂತು, ಎಲ್ಲರ ಕ್ಷಮೆ ಕೇಳಿ ನೀರು ಕುಡಿಯಿತು. ಗೋಡೆಯುದ್ದಕ್ಕೂ ಹಾಕಿದ ಕುರ್ಚಿಗಳಲ್ಲಿ ಕೂತಿದ್ದ ಊರಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪೆಟ್ಟಿಗೆಯ ತಲೆದೆಸೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಆತು ಚಹಾದ ಕೆಟಲ್ ಹಿಡಿದು ನಿಂತಿದ್ದ ನೂಲಾ ಮಾತ್ರ ನಗಲಿಲ್ಲ.

ಐರ್ಲೆಂಡಿನ ಕಾನಮಾರದ ಆ ಕಡಲಂಚಿನ ಹಳ್ಳಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ತೆಗೆಯುತ್ತಿದ್ದ ‘ದೋಣಿಕಟ್ಟೆ’ ಧಾರಾವಾಹಿಯ ಕೊನೆಯ ಸೀಸನ್ ಅದು. ಕಥೆಯೊಳಗಿನ ಪಬ್ಬಿನ ಯಜಮಾನ ಮಾರ್ಟಿನ್ ಸಾಯಬೇಕು, ಮನೆಯಲ್ಲಿ ಹೆಣವಿಟ್ಟಾಗ ಊರೆಲ್ಲ ಬಂದು ಹೋಗಬೇಕು, ಅಲ್ಲಿಗೆ ಮಂಗಳ. ಇಷ್ಟು ವರ್ಷ ಮಾತಿಲ್ಲದ ಪಾತ್ರ ಮಾಡಿಯೂ ಊರಿನವರಿಗೆ ನಟನೆ ಮೈಗೆ ಹತ್ತಿರಲಿಲ್ಲ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ ಎಂದು ಹ್ಯಾಮಿನ ಸ್ಯಾಂಡ್‌ವಿಚ್, ಒಣದ್ರಾಕ್ಷಿಯ ಕೇಕು ಕಟ್ಟಿಕೊಂಡೇ ಬಂದಿದ್ದರು. ಗಡಿಯಾರ ಓಡುತ್ತಿರುವುದನ್ನು ಕಂಡ ನೂಲಾ ತಾನೇ ಹೋಗಿ ಅದನ್ನು ನಿಲ್ಲಿಸಿದ್ದಳು. ಹೆಣವಿರುವ ಮನೆಯಲ್ಲಿ ಗಡಿಯಾರ ನಡೆಯಬಾರದು, ಸುಳ್ಳು ಹೆಣವಾದರೇನು.

ಅವಳ ಗಂಡ ಫೆಸ್ಟಿಗೂ ಈ ಧಾರಾವಾಹಿಯಲ್ಲೊಂದು ಪಾತ್ರವಿತ್ತು. ಪಬ್ಬಿನ ಮೂಲೆಯಲ್ಲಿ ಕೂತು ಹದಿನೇಳು ವರ್ಷ ಸಪ್ಪೆ ಬಿಯರ್ ಕುಡಿದ. ಕೋವಿಡ್ಡಿನ ಮೊದಲ ವಸಂತದಲ್ಲಿ ಆಸ್ಪತ್ರೆಯಲ್ಲಿ ಸತ್ತ. ಹೆಣ ಮನೆಗೆ ಬರಲಿಲ್ಲ. ಗುಂಡಿಯ ಸುತ್ತ ಹತ್ತು ಜನ, ಅವರೂ ಎರಡೆರಡು ಮೀಟರ್ ದೂರದಲ್ಲಿ. ಉಳಿದವರು ತಮ್ಮ ತಮ್ಮ ಗೇಟಿನ ಬಳಿ ನಿಂತು, ಶವದ ಕಾರು ದಾಟುವಾಗ ತಲೆ ಬಾಗಿಸಿದರು. ಒಬ್ಬರೂ ಅವಳ ಕೈ ಹಿಡಿಯಲಿಲ್ಲ, ಹಿಡಿಯುವಂತಿರಲಿಲ್ಲ. ಸಾಲಾಗಿ ಬಂದವರ ಕೈ ಕುಲುಕಿ, ‘ನಿನ್ನ ಕಷ್ಟಕ್ಕೆ ನೊಂದ್ಕೊಂಡಿದೀನಿ’ ಎಂಬ ಒಂದೇ ಮಾತನ್ನು ನೂರು ಸಲ ಕೇಳಿಸಿಕೊಳ್ಳದೆ ಆ ಊರಿನಲ್ಲಿ ಅದುವರೆಗೆ ಯಾರೂ ವಿಧವೆಯಾಗಿರಲಿಲ್ಲ.

ಆಮೇಲೆ ಕಾಯಿಲೆ ಇಳಿಯಿತು, ಬಾಗಿಲುಗಳು ತೆರೆದವು. ಆದರೆ ಎರಡು ವರ್ಷ ಹಳೆಯ ಸಾವಿಗೆ ಯಾರು ಬರುತ್ತಾರೆ? ಅಂಗಡಿಯಲ್ಲಿ ಎದುರಾದವರು ಮಳೆ ಗಾಳಿಯ ಮಾತಾಡಿ ಜಾರಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಕೇಳಿ ಪಡೆಯುವಂಥದ್ದೂ ಅಲ್ಲ ಅದು. ನೂಲಾಗೆ ಊರಿನ ಮೇಲೆ ಸಿಟ್ಟಿತ್ತು. ಅವರೇನು ಬೇಕೆಂದು ಮಾಡಿದರೇ ಎಂದುಕೊಂಡಾಗ ತನ್ನ ಮೇಲೂ ಸಿಟ್ಟು ಬರುತ್ತಿತ್ತು.

ಮಾರ್ಟಿನ್‌ನ ಹೆಂಡತಿಯ ಪಾತ್ರದ ಗ್ರಾನ್ಯ ಎಂಬ ಡಬ್ಲಿನ್ನಿನ ನಟಿ ಕಪ್ಪು ಬಟ್ಟೆ ತೊಟ್ಟು ಪೆಟ್ಟಿಗೆಯ ಪಕ್ಕ ಕೂತಿದ್ದಳು. ಸಹಾಯಕ ನಿರ್ದೇಶಕಿ ಓರ್ಲಾ ಊರಿನವರಿಗೆ ಮತ್ತೊಮ್ಮೆ ಬಿಡಿಸಿ ಹೇಳಿದಳು. ಬೀದಿ ಬಾಗಿಲಿಂದ ಒಬ್ಬೊಬ್ಬರೇ ಬರಬೇಕು, ವಿಧವೆಯ ಕೈ ಕುಲುಕಬೇಕು, ತುಟಿ ಆಡಿಸಬೇಕು, ಸದ್ದು ಬರಬಾರದು, ಬಲಕ್ಕೆ ತಿರುಗಿ ಹೊರಟುಬಿಡಬೇಕು.

ಮೊದಲು ಬಂದವನು ಕೋಲ್ಮನ್, ಫೆಸ್ಟಿಯ ದೋಣಿಯಲ್ಲಿ ನಲವತ್ತು ವರ್ಷ ಏಡಿ ಹಿಡಿದವನು. ಗ್ರಾನ್ಯಳ ಕೈ ಕುಲುಕಿ ತುಟಿ ಆಡಿಸಿದ. ಅಲ್ಲಿಯವರೆಗೆ ಎಲ್ಲವೂ ಹೇಳಿದಂತೆಯೇ ನಡೆಯಿತು. ಆದರೆ ಸಾವಿನ ಮನೆಯಲ್ಲಿ ಒಂದೇ ಕೈ ಕುಲುಕಿ ಹೋಗಿ ಗೊತ್ತಿಲ್ಲದ ಕಾಲುಗಳು ಅವು. ಮನೆಯವರ ಮುಂದಿನ ಕೈ ಹುಡುಕಿಕೊಂಡು ಎಡಕ್ಕೆ ಹೊರಳಿದವು. ಅಲ್ಲಿ ನೂಲಾ ಇದ್ದಳು. ತಪ್ಪಿ ಬಂದೆನೆಂದು ಅವನಿಗೂ ಗೊತ್ತಾಯಿತು, ತಪ್ಪಿ ಬಂದನೆಂದು ಅವಳಿಗೂ. ಅವನು ಹಿಂದಿರುಗಬಹುದಿತ್ತು. ಅದರ ಬದಲು ಟೋಪಿ ತೆಗೆದು ಕಂಕುಳಲ್ಲಿ ಇರುಕಿಕೊಂಡು ಕೈ ಚಾಚಿದ.

“ನಿನ್ನ ಕಷ್ಟಕ್ಕೆ ನೊಂದ್ಕೊಂಡಿದೀನಿ ಕಣೇ ನೂಲಾ,” ಎಂದ, ಎಲ್ಲರಿಗೂ ಕೇಳುವಂತೆಯೇ. “ತಡ ಆಯ್ತು. ಬೈಬೇಡ.”

ಬಿಸಿ ಕೆಟಲನ್ನು ಎಲ್ಲಿಡಬೇಕೆಂದು ನೂಲಾಗೆ ತೋಚಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಹೆಣವೇ ಕೈ ಎತ್ತಿ ಅದನ್ನು ಇಸಿದುಕೊಂಡಿತು.

“ಕೋಲ್ಮನ್ ಅವರೇ, ವಿಧವೆ ಕೈ ಮಾತ್ರ ಕುಲುಕಿ ಅಂದಿದ್ದೆ,” ಎಂದಳು ಓರ್ಲಾ.

“ಅದನ್ನೇ ಮಾಡ್ತಿದೀನಿ ತಾಯಿ.”

ಹಿಂದಿದ್ದವರು ಆ ಮಾತು ಕೇಳಿದರು. ಮತ್ತೆ ಯಾರೂ ಬಲಕ್ಕೆ ತಿರುಗಲಿಲ್ಲ. ಫೆಸ್ಟಿಯ ಕೂದಲು ಕತ್ತರಿಸುತ್ತಿದ್ದವನು, ಅವನೊಡನೆ ಬೇಲಿಯ ವಿಷಯಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದವನು, ಶಾಲೆಯಲ್ಲಿ ಅವನ ಕಿವಿ ಹಿಂಡಿದ್ದ ಮುದುಕಿ, ಒಬ್ಬರ ಹಿಂದೊಬ್ಬರು ಬಂದು ಅದೇ ಮಾತು ಹೇಳಿದರು. ಬೇರೆ ಮಾತು ಯಾರಿಗೂ ಬರುತ್ತಿರಲಿಲ್ಲ, ಬೇರೆ ಮಾತು ಅವಳಿಗೂ ಬೇಕಿರಲಿಲ್ಲ. “ಬಂದ್ರಲ್ಲ, ಉಪಕಾರ ಆಯ್ತು,” ಎಂದು ನೂಲಾ ಒಬ್ಬೊಬ್ಬರಿಗೂ ಹೇಳಿದಳು. ಎರಡು ವರ್ಷದಿಂದ ಬಾಯಲ್ಲೇ ಉಳಿದಿದ್ದ ಮಾತು. ಬೇಲಿಯವನು ಬರುವ ಹೊತ್ತಿಗೆ ಅವಳು ಅಳುತ್ತಿದ್ದಳು, ಮೈ ಹಗುರವಾಗುತ್ತಿತ್ತು. ಓರ್ಲಾ ನಿಲ್ಲಿಸಿ ಎನ್ನಲಿಲ್ಲ.

ಸಾಲು ಮುಗಿಯಿತೆಂದು ನೂಲಾ ಕಣ್ಣೊರೆಸಿಕೊಂಡು ನೋಡಿದರೆ ಇನ್ನೂ ಒಂದು ಕೈ ಚಾಚಿತ್ತು. ಗ್ರಾನ್ಯ ಕುರ್ಚಿ ಬಿಟ್ಟೆದ್ದು, ಹೊರಗಿನಿಂದ ಸುತ್ತಿ ಬಂದು, ಎಲ್ಲರ ಹಿಂದೆ ನಿಂತಿದ್ದಳು. ಊರಿನವರ ಆ ಮಾತನ್ನು ಅವಳೂ ತಪ್ಪಿಲ್ಲದೆ ಹೇಳಿದಳು. ಆಮೇಲೂ ಕೈ ಬಿಡಲಿಲ್ಲ.

“ಇಷ್ಟು ಹೊತ್ತು ನಿಮ್ಮ ಜಾಗದಲ್ಲಿ ಕೂತಿದ್ದೆ,” ಎಂದಳು. “ತಪ್ಪು ತಿಳ್ಕೋಬೇಡಿ ಅಕ್ಕಾ.”